ಮೀನಿಗೆಲ್ಲಿಯ ಕಿವಿ

ಫೆಬ್ರವರಿ 3, ಮಂಗಳವಾರ

ದ್ವೀಪಕ್ಕೆ ಬಂದು ಇಳಿದೆ. ಬರಬಾರದಿತ್ತು.

ಹನ್ನೆರಡು ವರ್ಷದ ಹಿಂದೆ ಇಲ್ಲಿಂದ ಹೋಗುವಾಗ ದೋಣಿಕಟ್ಟೆಯ ಕಂಬ ತಬ್ಬಿಕೊಂಡು ಅತ್ತಿದ್ದೆನಂತೆ. ಅಮ್ಮ ಈಗಲೂ ಅದನ್ನು ಹೇಳಿ ನಗುತ್ತಾಳೆ. ಆ ಕಂಬವನ್ನು ಇವತ್ತು ನೋಡಿದೆ. ಅದಕ್ಕೊಂದು ಪ್ಲಾಸ್ಟಿಕ್ ಗಿಳಿ ಕಟ್ಟಿದ್ದಾರೆ. ಯಾರಾದರೂ ಹತ್ತಿರ ಹೋದರೆ ಅದು "ಸುಸ್ವಾಗತ" ಅನ್ನುತ್ತದೆ. ಬಣ್ಣದ ಪೆಟ್ಟಿಗೆಗಳನ್ನು ಇಳಿಸಲು ನಾನು ಅದರ ಮುಂದೆ ಹಾದುಹೋದಾಗಲೆಲ್ಲ ಸ್ವಾಗತಿಸಿತು. ಕೊನೆಗೆ ಸುತ್ತು ಬಳಸಿ ನಡೆದೆ.

ರೆಸಾರ್ಟಿನವರು ಸಮುದ್ರದ ಪಕ್ಕದಲ್ಲೇ ಈಜುಕೊಳ ಕಟ್ಟಿದ್ದಾರೆ. ಅತಿಥಿಗಳು ಅಷ್ಟು ದೂರದಿಂದ ಬಂದು, ಸಮುದ್ರಕ್ಕೆ ಬೆನ್ನು ಹಾಕಿ, ಕೊಳದಲ್ಲಿ ಎಮ್ಮೆಗಳ ಹಾಗೆ ಕೂತಿರುತ್ತಾರೆ. ತೆಂಗಿನ ಮರಗಳಲ್ಲಿ ಒಂದೂ ಕಾಯಿಲ್ಲ. ತಲೆಯ ಮೇಲೆ ಬಿದ್ದಾವೆಂದು ಮೊದಲೇ ಕಿತ್ತುಬಿಡುತ್ತಾರಂತೆ. ಕಾಯಿಲ್ಲದ ಮರಕ್ಕೆ ಬಣ್ಣದ ದೀಪ ಸುತ್ತಿದ್ದಾರೆ.

ಮ್ಯಾನೇಜರ್ ಎದೆಯ ಮೇಲೆ ನಗುವ ಮುಖದ ಬಿಲ್ಲೆಯೊಂದನ್ನು ಚುಚ್ಚಿಕೊಂಡಿದ್ದಾನೆ. ಅವನ ಪಾಲಿನ ನಗುವನ್ನು ಅದೇ ನಕ್ಕುಬಿಡುತ್ತದೆ. ಇನ್ನು ಮೇಲೆ ಇಲ್ಲಿ ಅವನ ಹೆಸರು ಬಿಲ್ಲೆ.

ಮಾವ ನನ್ನ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ, "ಏನೇ ಪುಟ್ಟಿ, ಒಣಮೆಣಸಿನಕಾಯಿ ಆಗಿದ್ದೀಯಲ್ಲೇ! ನಿಮ್ಮಮ್ಮ ಅನ್ನ ಹಾಕಲ್ವಾ?" ಎಂದು ಇಡೀ ದೋಣಿಕಟ್ಟೆಗೆ ಕೇಳುವ ಹಾಗೆ ಕೂಗಿದ. ತಲೆಯ ಮೇಲೆ ಹಡಗಿನ ಕಪ್ತಾನನ ಬಿಳಿ ಟೋಪಿ. ಮೈಮೇಲೆ ಅದೇ ಹರಕು ಬನಿಯನ್ನು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಫೆಬ್ರವರಿ 4, ಬುಧವಾರ

ಬಂದ ಕೆಲಸವನ್ನು ಬರೆದಿಡುತ್ತೇನೆ. ಮುಂದೊಂದು ದಿನ ಓದಿದರೆ ನಾನೇ ನಂಬಲಿಕ್ಕಿಲ್ಲ.

ನಾನು ಊರಿನ ಒಂದು ಶೆಡ್ಡಿನಲ್ಲಿ ಸಿಮೆಂಟಿನ ಮೊಲಗಳಿಗೆ ಬಣ್ಣ ಹಚ್ಚುತ್ತೇನೆ. ಪಾರ್ಕುಗಳಲ್ಲಿ ಬಾಯಿ ತೆರೆದು ನಿಂತಿರುತ್ತವಲ್ಲ, ಕಸ ಹಾಕಲು, ಅವು. ಆ ಶೆಡ್ಡಿಗೆ ಈ ರೆಸಾರ್ಟಿನಿಂದ ಆರ್ಡರು ಬಂತು: ಸಿಮೆಂಟಿನ ಹವಳ. ಇಲ್ಲಿನ ಸಮುದ್ರದ ಹವಳವೆಲ್ಲ ಸತ್ತು ಬೂದಿಬಣ್ಣಕ್ಕೆ ತಿರುಗಿದೆ. ಅತಿಥಿಗಳು ಗಾಜಿನ ತಳದ ದೋಣಿಯಲ್ಲಿ ಹೋಗಿ ಬಗ್ಗಿ ನೋಡಿದರೆ ಸುಡುಗಾಡು ಕಂಡ ಹಾಗೆ ಆಗುತ್ತದೆ. ಅದಕ್ಕೆ ಸಿಮೆಂಟಿನಲ್ಲಿ ಹವಳ ಎರಕ ಹೊಯ್ದು, ಬಣ್ಣ ಬಳಿದು, ನೀರಿನ ತಳದಲ್ಲಿ ಇಡುವುದು. ಎರಕದ ತುಂಡುಗಳು ಮೊದಲೇ ಬಂದಿವೆ. ಬಣ್ಣ ಮಾತ್ರ ನನ್ನದು.

ದೋಣಿ ನಡೆಸುವವನು ನಮ್ಮ ಮಾವ, ಅಮ್ಮನ ಅಣ್ಣ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು, ಇದೇ ದ್ವೀಪ, ಇದೇ ಕೆಲಸ. ಅಮ್ಮ ಆಗ ಇಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಮಿಷನ್ನು ಬಂತು, ಅಮ್ಮನನ್ನು ಕಳಿಸಿದರು. ನನ್ನ ಓದು ಇಲ್ಲಿನ ಐದನೇ ಕ್ಲಾಸಿಗೇ ಮುಗಿಯಿತು. ಊರಿನಲ್ಲಿ ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಕೇಳಿದ್ದಕ್ಕೆ ನಾನು ಬಾಯಿ ಬಿಡಲಿಲ್ಲವಂತೆ. "ಇದು ಮೂಗಿಯೇನಮ್ಮ?" ಎಂದರಂತೆ. ಅಷ್ಟೇ ನನ್ನ ವಿದ್ಯಾಭ್ಯಾಸ.

ಹೊರಡುವಾಗ ಅಮ್ಮ ಹೇಳಿದ್ದು: "ಕೆಲಸ ಮುಗಿಸಿ ಬರುವಾಗ ನಿಮ್ಮ ಮಾವನ್ನೂ ಎಳ್ಕೊಂಡು ಬಾ. ಕಾಲು ಊದಿದೆಯಂತೆ. ಅಲ್ಲಿ ಬಿದ್ದರೆ ನೋಡೋರು ದಿಕ್ಕಿಲ್ಲ."

ಸಂಜೆ ಮಾವನಿಗೆ ಹೇಳಿದೆ. "ಬರ್ತೀನಿ, ಬರ್ತೀನಿ," ಎಂದ. "ದೋಣಿ ನಿಂತ ದಿನ ಬರ್ತೀನಿ. ಅಲ್ಲೀವರೆಗೆ ನಿಮ್ಮಮ್ಮನ ಕೈಯಡುಗೆ ತಿನ್ನೋ ಶಿಕ್ಷೆ ನನಗ್ಯಾಕೆ?"

ಕಾಲು ನಿಜವಾಗಿಯೂ ಊದಿದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ.

ಫೆಬ್ರವರಿ 7, ಶನಿವಾರ

ಲಾಂಡ್ರಿಯ ಹಿಂದಿನ ಚಪ್ಪರದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದೇನೆ. ಬಿಲ್ಲೆ ದಿನಕ್ಕೆರಡು ಸಲ ಬಂದು, "ಇನ್ನೂ ಜೋರಾಗಿರಲಿ, ಇನ್ನೂ ಜೋರಾಗಿರಲಿ," ಎನ್ನುತ್ತಾನೆ. ಬಣ್ಣವನ್ನು ರೇಡಿಯೊ ಅಂದುಕೊಂಡಿದ್ದಾನೆ. ಇವತ್ತು ಒಂದು ಹವಳಕ್ಕೆ ಮೊಲದ ಕಿವಿಯೊಳಗೆ ಹಚ್ಚುವ ಗುಲಾಬಿಯನ್ನೇ ಬಳಿದೆ. "ಹಾಂ, ಇದು! ಇದು ನೋಡು ಹವಳ!" ಎಂದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಮಾಲೀಕ ಇಪ್ಪತ್ತೆರಡನೇ ತಾರೀಕು ಬರುತ್ತಾನಂತೆ, ದೋಣಿಯಲ್ಲಿ ಕೂರುತ್ತಾನಂತೆ. ಅವನಿಗೆ ಹಿಡಿಸದಿದ್ದರೆ ದೋಣಿಯನ್ನೇ ತೆಗೆಯುತ್ತಾರಂತೆ. ಬಿಲ್ಲೆ ಇದನ್ನು ನನ್ನೆದುರು ಹೇಳುವಾಗ ಮಾವ ಪಕ್ಕದಲ್ಲೇ ನಿಂತು ಟೋಪಿಯ ಧೂಳು ಕೊಡವುತ್ತಿದ್ದ.

ನನಗೇನು? ತೆಗೆದರೆ ಅಮ್ಮನ ಕೆಲಸ ಸಲೀಸು.

ಫೆಬ್ರವರಿ 11, ಬುಧವಾರ

ಬಂದ ಮೇಲೆ ಮೊದಲ ಬಾರಿ ಮಾವನ ದೋಣಿಯಲ್ಲಿ ಕೂತೆ. ಹಳೆಯದು ಹುಟ್ಟು ಹಾಕುವ ದೋಣಿ, ಇದು ಮೋಟಾರಿನದು. ಮಾವ ಮುಂದೆ ಚಕ್ರ ಹಿಡಿದು ಕೂರುತ್ತಾನೆ, ಹಿಂದೆ ತಿರುಗದೆಯೇ ಸುಳ್ಳು ಹೇಳುತ್ತಾನೆ.

"ಇಲ್ಲಿ ಒಂದು ಮೀನಿದೆ ಸಾರ್, ನಾಚಿಕೆ ಸ್ವಭಾವ. ಹೊಸಬರು ಬಂದ್ರೆ ಎದ್ದು ಬರಲ್ಲ. ನಮ್ಮ ಸೊಸೆ ಥರ."

ಸೊಸೆ ಎಂದರೆ ನಾನು, ತಂಗಿಯ ಮಗಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನಗೆ ಗಾಜು ಒಡೆದು ಕೆಳಗೆ ಹೋಗಿಬಿಡಬೇಕೆನಿಸಿತು.

ಗಾಜಿನ ಕೆಳಗೆ ಏನೂ ಇರಲಿಲ್ಲ. ಬೂದಿ, ಬೂದಿ, ಒಂದು ಹಳೆಯ ಚಪ್ಪಲಿ. ಅತಿಥಿಗಳು ಚಪ್ಪಲಿಯ ಫೋಟೊ ತೆಗೆದುಕೊಂಡರು.

ಈ ದ್ವೀಪದಲ್ಲಿ ನನಗೆ ನೆನಪಿಡುವಂಥದ್ದು ಒಂದೇ ಒಂದಿತ್ತು. ಅದನ್ನು ಯಾರಿಗೂ ಸರಿಯಾಗಿ ಹೇಳಿಲ್ಲ. ಚಿಕ್ಕವಳಿದ್ದಾಗ, ಮಧ್ಯಾಹ್ನ ದೋಣಿ ಖಾಲಿಯಿದ್ದರೆ ಮಾವ ನನ್ನನ್ನು ಕರೆದೊಯ್ಯುತ್ತಿದ್ದ. ನಾನು ಗಾಜಿನ ಮೇಲೆ ಬೋರಲು ಮಲಗಿ ಬೆರಳಗಂಟಿನಿಂದ ತಟ್ಟುತ್ತಿದ್ದೆ: ಎರಡು ಸಲ ಬೇಗ, ಆಮೇಲೆ ತಡೆದು ಒಂದು ಸಲ. ಮೀನುಗಳು ಬರುತ್ತಿದ್ದವು. ಹಳದಿಯವು, ಪಟ್ಟೆಯವು, ಗಿಳಿಯ ಹಾಗೆ ಕೊಕ್ಕಿನವು. ಗಾಜಿಗೆ ಮೂತಿ ಒತ್ತುತ್ತಿದ್ದವು. ಮಾವ ಕರೆದರೆ ಬರುತ್ತಿರಲಿಲ್ಲ, ನಾನು ಕರೆದರೆ ಮಾತ್ರ. ಊರಿನಲ್ಲಿ ಯಾರು ಮೂಗಿ ಎಂದರೂ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ: ನಿಮ್ಮ ಮಾತನ್ನು ನಾಯಿಯೂ ಕೇಳುವುದಿಲ್ಲ, ನನ್ನ ಮಾತನ್ನು ಮೀನು ಕೇಳುತ್ತದೆ.

ಇವತ್ತು ತಟ್ಟಲಿಲ್ಲ. ಅಷ್ಟು ಜನರ ಮುಂದೆ ಹೇಗೆ ತಟ್ಟುವುದು?

ಫೆಬ್ರವರಿ 13, ಶುಕ್ರವಾರ

ಹವಳ ಇಳಿಸಿದರು. ಮುಳುಗುಗಾರರು ಇಬ್ಬರು ಹಗ್ಗ ಕಟ್ಟಿ ಒಂದೊಂದನ್ನೇ ಕೆಳಗಿಟ್ಟರು. ಮೇಲಿನಿಂದ ನೋಡಿದೆ. ನೀರಿನೊಳಗೆ ಗುಲಾಬಿ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಕಿತ್ತಳೆ ಮಾತ್ರ ಕೆಟ್ಟಿತು, ಕಂದಿ ಹೋಯಿತು. ಅದನ್ನು ಮೇಲೆತ್ತಿ ಇನ್ನೊಂದು ಕೈ ಹಚ್ಚಬೇಕೆಂದು ಹೇಳೋಣವೆನಿಸಿತು. ಹೇಳಲಿಲ್ಲ. ಹಾಳಾಗಿ ಹೋಗಲಿ.

ಮೀನು ಒಂದೂ ಬರಲಿಲ್ಲ.

ಬಿಲ್ಲೆ ನನ್ನ ಮೇಲೆ ಹಾರಾಡಿದ. "ಏನಮ್ಮ ಇದು? ಮದುವೆ ಚಪ್ಪರ ಹಾಕಿ ನೆಂಟರನ್ನೇ ಕರೀದೇ ಇದ್ದ ಹಾಗಿದೆ! ನಿನ್ನ ಬಣ್ಣದ ವಾಸನೆಗೆ ಓಡಿ ಹೋಗಿವೆ!" ಬಿಲ್ಲೆಯ ಮೇಲಿನ ಮುಖ ಮಾತ್ರ ನಗುತ್ತಲೇ ಇತ್ತು. ನನಗೆ ಉತ್ತರ ಹೊಳೆದದ್ದು ಅವನು ಹೋದ ಮೇಲೆ: ಮೀನು ಇಲ್ಲಿ ಮೊದಲು ಎಲ್ಲಿದ್ದವು, ಓಡಿ ಹೋಗಲು?

ಮಾವನ ಜೊತೆ ನಾನೊಬ್ಬಳೇ ಉಳಿದೆ. ಮೋಟಾರು ನಿಲ್ಲಿಸಿದ್ದ. ನಾನು ಮಂಡಿಯೂರಿ ಗಾಜು ತಟ್ಟಿದೆ. ಟಕಟಕ್, ಟಕ್. ಕಾದೆ. ಇನ್ನೊಮ್ಮೆ ತಟ್ಟಿದೆ.

ಮಾವ ತಿರುಗಿ ನೋಡಿದ. "ಏನೇ ಮಾಡ್ತಿದ್ದೀಯ?"

"ಕರೀತಿದ್ದೀನಿ."

ಅವನು ನಗತೊಡಗಿದ. ನಗು ಕೆಮ್ಮಾಯಿತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. "ಅಯ್ಯೋ ಹುಚ್ಚಿ! ಇನ್ನೂ ಅದನ್ನೇ ನಂಬ್ಕೊಂಡಿದ್ದೀಯಾ? ಮೀನಿಗೆಲ್ಲಿಯ ಕಿವಿಯೇ?"

ಆಮೇಲೆ ಹೇಳಿದ. ಹಳೆಯ ದೋಣಿಯ ಹಿಂಬದಿಯಲ್ಲಿ, ನೀರಿನ ಕೆಳಗೆ, ಮುಚ್ಚಳವಿರುವ ಒಂದು ತಗಡಿನ ಡಬ್ಬ ಕಟ್ಟಿದ್ದನಂತೆ. ಡಬ್ಬದ ತುಂಬ ಅಡುಗೆಮನೆಯ ಅನ್ನ. ಮುಚ್ಚಳಕ್ಕೆ ದಾರ, ದಾರದ ತುದಿ ಮಾವನ ಕಾಲಿನ ಹೆಬ್ಬೆರಳಿಗೆ. ನಾನು ತಟ್ಟಿದ ಕೂಡಲೇ ಅವನು ಕಾಲು ಎಳೆಯುತ್ತಿದ್ದ.

"ಮತ್ತೆ ನೀನು ಕರೆದಾಗ ಬರ್ತಿರಲಿಲ್ಲವಲ್ಲ?"

"ಆಗ ಎಳೀತಿರಲಿಲ್ಲ ಅಷ್ಟೆ."

ಎಷ್ಟು ಸುಲಭವಾಗಿ ಹೇಳಿದ!

ಫೆಬ್ರವರಿ 14, ಶನಿವಾರ

ಏನೂ ಬರೆಯುವುದಿಲ್ಲ. ಎಲ್ಲರೂ ಸುಳ್ಳರು. ಇದ್ದವರಲ್ಲೆಲ್ಲ ದೊಡ್ಡ ಪೆದ್ದಿ ನಾನೇ.

ಫೆಬ್ರವರಿ 15, ಭಾನುವಾರ

ಮಾವನ ಜೊತೆ ಮಾತು ಬಿಟ್ಟಿದ್ದೇನೆ. ಅವನಿಗದು ಗೊತ್ತೇ ಆಗಿಲ್ಲ. ನಾನು ಮೊದಲಿನಿಂದಲೂ ಮಾತಾಡುವವಳಲ್ಲವಲ್ಲ.

ಮಧ್ಯಾಹ್ನ ಅವನು ದೋಣಿಕಟ್ಟೆಯ ಮೆಟ್ಟಿಲು ಹತ್ತುವುದನ್ನು ಕಂಡೆ. ಎರಡು ಮೆಟ್ಟಿಲಿಗೊಮ್ಮೆ ನಿಂತು, ಸಮುದ್ರ ನೋಡುವವನ ಹಾಗೆ ನಟಿಸುತ್ತಾನೆ. ಉಸಿರಿಗಾಗಿ ನಿಲ್ಲುವುದು. ಅದೂ ಸುಳ್ಳು.

ಡಬ್ಬದ ವಿಷಯ ಯೋಚಿಸಿದೆ. ಈಗಲೂ ಕಟ್ಟಬಹುದು. ಆದರೆ ಮಾವ ಮುಂದೆ ಚಕ್ರ ಹಿಡಿದು ಕೂರಬೇಕು, ದಾರ ಎಳೆಯಲು ಹಿಂದೆ ಯಾರಾದರೂ ಬೇಕು. ನಾನು ಮಾವನಿಗಾಗಿ ಇದನ್ನು ಯೋಚಿಸುತ್ತಿಲ್ಲ. ಆ ಬಿಲ್ಲೆ ಬಾಯಿ ಮುಚ್ಚಬೇಕು, ಅಷ್ಟೆ. ನನ್ನ ಬಣ್ಣಕ್ಕೆ ಮೀನು ಓಡಿದವಂತೆ.

ಫೆಬ್ರವರಿ 16, ಸೋಮವಾರ

ಅಡುಗೆಮನೆಯ ಹಿಂಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಅಡುಗೆಯಕ್ಕನನ್ನು ಅನ್ನ ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಅವಳೇ, "ಹಸಿವಾ?" ಎಂದಳು. ತಲೆಯಾಡಿಸಿದೆ. ತಟ್ಟೆ ತುಂಬ ಹಾಕಿಕೊಟ್ಟಳು, ಎದುರಿಗೇ ಕೂತು ತಿನ್ನಿಸಿದಳು. ಮೀನಿಗೆ ಒಂದಗುಳೂ ಉಳಿಯಲಿಲ್ಲ.

ಇಂಥ ಜನ.

ಫೆಬ್ರವರಿ 17, ಮಂಗಳವಾರ

ನಾನು ತಗಡಿನ ಡಬ್ಬ ಹುಡುಕುವುದನ್ನು ಕಂಡು ಇವತ್ತು ಮಾವನೇ ಅನ್ನ ಕೇಳಿ ತಂದುಕೊಟ್ಟ. ಡಬ್ಬ ಕಟ್ಟಿದೆ, ಅನ್ನ ತುಂಬಿದೆ, ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಹಿಂದಿನ ಹಲಗೆಯಲ್ಲಿ ಕೂತೆ. ಹವಳದ ಮೇಲೆ ಮೋಟಾರು ನಿಲ್ಲಿಸಿದ ಕೂಡಲೇ ಎಳೆದೆ. ಅನ್ನ ತೇಲಿ ಬಂದು ಗಾಜಿನ ಅಡಿಗೆ ಮೆತ್ತಿಕೊಂಡಿತು. ದೋಣಿ ತುಂಬ ಅತಿಥಿಗಳಿದ್ದರು.

"ಇದೇನಿದು ಬಿಳಿ ಬಿಳಿ?" ಎಂದು ಒಬ್ಬಳು ಕೇಳಿದಳು.

"ಹವಳದ ಮೊಟ್ಟೆ ಅಮ್ಮಾ," ಎಂದ ಮಾವ, ಕಣ್ಣು ಮಿಟುಕಿಸದೆ. "ನಿಮ್ಮ ಅದೃಷ್ಟ. ಎಲ್ಲರಿಗೂ ಕಾಣ್ಸಲ್ಲ."

ಅವಳು ಗಂಡನನ್ನು ಎಬ್ಬಿಸಿ ತೋರಿಸಿದಳು.

ವಾಪಸು ಬಂದ ಮೇಲೆ ಮಾವ ನನ್ನ ತಲೆಗೊಂದು ಮೊಟಕಿದ. "ಬರೀ ಅನ್ನ ಹಾಕ್ತಾರೇನೇ? ಮೆತ್ತಗೆ ಕಿವುಚಿ, ಮರಳು ಸೇರಿಸಿ ಉಂಡೆ ಕಟ್ಬೇಕು. ಭಾರ ಬೇಕು, ಭಾರ. ಹವಳದ ತಲೆ ಮೇಲೆ ಹೋಗಿ ಕೂರಬೇಕು. ಅಲ್ಲಿ ತಿನ್ನೋಕೆ ಬಂದವು ಗಾಜಿಗೆ ಕಾಣ್ತವೆ. ಇನ್ನೊಂದು ಮಾತು, ಇವತ್ತು ಹಾಕಿದ್ರೆ ಇವತ್ತೇ ಬರಲ್ಲ. ರೂಢಿ ಆಗಬೇಕು."

ಮೊದಲೇ ಹೇಳಬಹುದಿತ್ತಲ್ಲ ಎಂದೆ. "ನೀನು ನನ್ನ ಜೊತೆ ಮಾತು ಬಿಟ್ಟಿದ್ಯಲ್ಲೇ," ಎಂದ.

ಗೊತ್ತಿತ್ತಂತೆ.

ಫೆಬ್ರವರಿ 19, ಗುರುವಾರ

ಅತಿಥಿಗಳು ಏಳುವ ಮೊದಲು, ಮತ್ತೆ ಮಧ್ಯಾಹ್ನ, ಮತ್ತೆ ಬಿಸಿಲಿಳಿದ ಮೇಲೆ, ನಾವಿಬ್ಬರೇ ಹೋಗುತ್ತಿದ್ದೇವೆ. ಸಮುದ್ರದ ತಳಕ್ಕೆ ಬಡಿಸುವ ಕೆಲಸ. ಕೇಳಿದವರು ನಗಬೇಕು.

ನಿನ್ನೆ ಎರಡು ಬಂದವು, ಬೂದುಬಣ್ಣದ ದರಿದ್ರ ಮೀನುಗಳು. ಇವತ್ತು ಬೆಳಗ್ಗೆ ಹಳದಿಯದೊಂದು. ಕಿತ್ತಳೆ ಹವಳದ ಸಂದಿನಿಂದ ಮೂತಿ ಹೊರಹಾಕಿ, ಬಾಡಿಗೆ ಮನೆ ನೋಡಲು ಬಂದವರ ಹಾಗೆ ಒಳಗೂ ಹೊರಗೂ ಓಡಾಡಿತು. ನಾನು ಬಣ್ಣ ಬಳಿದ ಸಿಮೆಂಟು ಅದಕ್ಕೆ ಹಿಡಿಸಿತೆಂದು ಕಾಣುತ್ತದೆ. ರುಚಿಯಿಲ್ಲದ ಮೀನು.

ಅಭ್ಯಾಸಬಲ ನೋಡು: ದಾರ ಎಳೆಯುವ ಮೊದಲು ಕೈ ತಾನಾಗಿ ಗಾಜು ತಟ್ಟುತ್ತದೆ. ಟಕಟಕ್, ಟಕ್. ನನಗೇ ಅಸಹ್ಯವಾಗುತ್ತದೆ. ಪ್ರತಿ ಸಲವೂ ಇನ್ನು ತಟ್ಟಬಾರದು ಅಂದುಕೊಳ್ಳುತ್ತೇನೆ.

ಹೆಬ್ಬೆರಳು ದಾರಕ್ಕೆ ಸುಲಿದಿದೆ. ಮಾವ ತನ್ನ ಬನಿಯನ್ನಿನ ಅಂಚು ಹರಿದು ಕಟ್ಟಿದ. ಆ ಬನಿಯನ್ನಿನಲ್ಲಿ ಹರಿಯಲು ಇನ್ನೂ ಏನಾದರೂ ಉಳಿದಿತ್ತೆಂಬುದೇ ಆಶ್ಚರ್ಯ.

ಫೆಬ್ರವರಿ 21, ಶನಿವಾರ

ಗಿಳಿಕೊಕ್ಕಿನವು ಬಂದಿವೆ.

ಫೆಬ್ರವರಿ 22, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಮಾಲೀಕ ದೊಡ್ಡ ಆಳು. ದೋಣಿಗೆ ಕಾಲಿಟ್ಟಾಗ ದೋಣಿಯೇ "ಅಯ್ಯೋ" ಅಂದಿತು. ಕಪ್ಪು ಕನ್ನಡಕ, ಹಸಿರು ಕಲ್ಲಿನ ಉಂಗುರ. ಜೊತೆಗೆ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮೂರ್ನಾಲ್ಕು ಜನ. ಬಿಲ್ಲೆ ಎರಡು ಬಿಲ್ಲೆ ಚುಚ್ಚಿಕೊಂಡಿದ್ದ. ನಾನು ಯಾರ ಕಣ್ಣಿಗೂ ಬೀಳದ ಹಾಗೆ ಹಿಂದಿನ ಹಲಗೆಯ ಮೂಲೆಯಲ್ಲಿ, ಕಾಲಿಗೆ ದಾರ ಸುತ್ತಿಕೊಂಡು ಕೂತೆ.

ಹವಳದ ಮೇಲೆ ಮಾವ ಮೋಟಾರು ನಿಲ್ಲಿಸಿದ. "ಗಾಜು ತಟ್ಟಿ ಸಾರ್," ಎಂದ. "ಮೀನು ಓಡಿ ಬರ್ತವೆ."

ಮಾಲೀಕ ಉಂಗುರದಿಂದ ಬಾಗಿಲು ಬಡಿಯುವ ಹಾಗೆ ಬಡಿದ. ನಾನು ಕಾಲು ಎಳೆದೆ.

ದಾರ ಹಗುರಾಗಿ ಬಂತು. ಮುಚ್ಚಳದ ಹತ್ತಿರ ಎಲ್ಲೋ ಕಿತ್ತುಹೋಗಿತ್ತು. ತುಂಡು ದಾರ ನನ್ನ ಕಾಲಿನ ಮೇಲೆ ಸತ್ತ ಹುಳುವಿನ ಹಾಗೆ ಬಿದ್ದಿತು.

"ಎಲ್ರೀ ಮೀನು?" ಎಂದ ಮಾಲೀಕ.

ಮಾವ ತಿರುಗಿ ನನ್ನನ್ನು ನೋಡಿದ. ನಾನು ದಾರದ ತುಂಡನ್ನು ಎತ್ತಿ ತೋರಿಸಿದೆ.

"ಇದು... ಇವುಗಳು ಮಧ್ಯಾಹ್ನ ಸ್ವಲ್ಪ ಮಲಗ್ತವೆ ಸಾರ್," ಎಂದ. ಅವನ ಸುಳ್ಳುಗಳಲ್ಲೇ ಇಷ್ಟು ಬಡಕಲಾದದ್ದನ್ನು ನಾನು ಕೇಳಿರಲಿಲ್ಲ.

ಮಾಲೀಕ ಬಿಲ್ಲೆಯ ಕಡೆ ತಿರುಗಿದ. "ಇದನ್ನ ತೆಗೆದುಬಿಡಿ. ಇದೇ ಜಾಗದಲ್ಲಿ ನೀರಿನ ಮೇಲೆ ಊಟದ ಮೇಜು ಹಾಕೋಣ. ಜನ ಕೆಳಗೆ ನೋಡಲ್ಲ, ತಟ್ಟೆ ನೋಡ್ತಾರೆ." ತಲೆಯಾಡಿಸುವವರು ತಲೆಯಾಡಿಸಿದರು.

ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಟೋಪಿಯಿಲ್ಲದೆ ಅವನ ತಲೆ ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಅಂಗೈಯಿಂದ ಅದರ ಅಂಚನ್ನು ಒರೆಸುತ್ತಿದ್ದ, ಇನ್ನೊಬ್ಬರಿಗೆ ಕೊಡುವ ಮೊದಲು ಒರೆಸುವ ಹಾಗೆ.

ಅಮ್ಮ ಹೇಳಿದ್ದು ನೆನಪಾಯಿತು. ಸುಮ್ಮನಿದ್ದರೆ ಸಾಕಿತ್ತು. ಊರಿಗೆ ಹೋಗುವ ಮಂಗಳವಾರದ ದೋಣಿಗೆ ಮಾವ ತಾನಾಗಿ ಬಂದು ಕೂರುತ್ತಿದ್ದ. ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

"ಕಾಲು ತೆಗೀರಿ," ಎಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಎದ್ದು ಮಾಲೀಕನ ಎದುರಿಗೆ ಹೋಗಿ ನಿಂತೆ. "ಸ್ವಲ್ಪ ಕಾಲು ತೆಗೀರಿ ಸಾರ್. ಗಾಜಿನ ಮೇಲಿದೆ."

ಅವನು ತೆಗೆದ. ನಾನು ಮಂಡಿಯೂರಿ ಕೂತೆ. ಎಲ್ಲರ ಬೂಟುಗಳೂ ನನ್ನ ಮುಖದ ಮಟ್ಟದಲ್ಲಿದ್ದವು. ಡಬ್ಬದ ಮುಚ್ಚಳ ಮುಚ್ಚಿಯೇ ಇತ್ತು, ಒಂದು ಉಂಡೆಯೂ ಬಿದ್ದಿರಲಿಲ್ಲ. ಬರುತ್ತವೆಂದು ನಾನು ನಂಬಿದ್ದೆನೇ? ಇಲ್ಲ. ಬೇರೇನೂ ಮಾಡಲು ಗೊತ್ತಿರಲಿಲ್ಲ.

ಟಕಟಕ್, ಟಕ್.

ಗುಲಾಬಿ ಹವಳ, ಕಂದಿದ ಕಿತ್ತಳೆ ಹವಳ, ನೀರು.

ಟಕಟಕ್, ಟಕ್.

ಹಳದಿಯದು ಮೊದಲು ಹೊರಬಂತು. ಕಿತ್ತಳೆಯ ಸಂದಿನಿಂದ, ತನ್ನದೇ ಮನೆಯ ಬಾಗಿಲಿನಿಂದ ಬಂದ ಹಾಗೆ. ಅದರ ಹಿಂದೆ ಪಟ್ಟೆಯವು ಎರಡು. ಆಮೇಲೆ ಗಿಳಿಕೊಕ್ಕಿನವು ಗುಂಪಾಗಿ. ಹವಳದ ಮೇಲೆ ಏನೂ ಸಿಗದೆ ನೇರ ಮೇಲಕ್ಕೆದ್ದು, ಗಾಜಿಗೆ ಮೂತಿ ಒತ್ತಿ, ನನ್ನ ಬೆರಳಿನ ಅಡಿಯಲ್ಲೇ ಬಾಯಿ ತೆರೆದು ಮುಚ್ಚಿದವು. ಅನ್ನವೆಲ್ಲಿ, ಅನ್ನವೆಲ್ಲಿ ಎಂದು.

ಮಾಲೀಕ ಕನ್ನಡಕ ತೆಗೆದು, ಅಷ್ಟು ದೊಡ್ಡ ಮೈಯನ್ನು ಬಗ್ಗಿಸಿ ನನ್ನ ಪಕ್ಕದಲ್ಲಿ ಮಂಡಿಯೂರಿದ. ದೋಣಿ ಒಂದು ಕಡೆಗೆ ವಾಲಿತು.

"ನೀನು ಕರೆದ್ರೆ ಬರ್ತವಾ?"

"ಬರ್ತವೆ."

"ನಾನು ಬಡಿದಾಗ ಯಾಕೆ ಬರಲಿಲ್ಲ?"

"ನೀವು ಯಾರು ಅಂತ ಅವಕ್ಕೆ ಗೊತ್ತಿಲ್ಲ."

ಹೇಳಿದ ಮೇಲೆ ಹೆದರಿಕೆಯಾಯಿತು. ಅವನು ಗಹಗಹಿಸಿ ನಕ್ಕ. ತಲೆಯಾಡಿಸುವವರೂ ನಕ್ಕರು. ಬಿಲ್ಲೆ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ವಾಪಸು ಬರುವಾಗ ಮಾಲೀಕ ಊಟದ ಮೇಜಿನ ಮಾತೆತ್ತಲಿಲ್ಲ. "ಆ ಹುಡುಗಿ ದೋಣಿಯಲ್ಲೇ ಇರಲಿ," ಎಂದ. ನನ್ನನ್ನು ಕೇಳಲೇ ಇಲ್ಲ. ದುಡ್ಡಿದ್ದವರ ಕೊಬ್ಬು.

ಸಂಜೆ ಮಾವ ಹೊಸ ದಾರ ಹೊಸೆಯುತ್ತಿದ್ದ.

"ಮೀನಿಗೆಲ್ಲಿಯ ಕಿವಿ ಅಂದ್ಯಲ್ಲ ಮಾವ," ಎಂದೆ.

"ನಾನು ಹೇಳಿದ್ದೆಲ್ಲ ನಿಜ ಅಂತ ನೀನ್ಯಾವಾಗ ನಂಬೋಕೆ ಶುರು ಮಾಡಿದ್ದು?" ಎಂದ. ದಾರಕ್ಕೊಂದು ಗಂಟು ಹಾಕಿ, "ಹಿಂದೆಯೂ ಒಂದೊಂದು ದಿನ ಅನ್ನ ಮರೆತು ಹೋಗ್ತಿದ್ದೆ ಕಣೇ. ನೀನು ತಟ್ಟಿದ್ರೆ ಬರೋವು," ಎಂದ.

ಇದೂ ಸುಳ್ಳಿರಬೇಕು. ಅವನು ದಾರದಿಂದ ಕಣ್ಣೆತ್ತಲಿಲ್ಲ.

ಫೆಬ್ರವರಿ 24, ಮಂಗಳವಾರ

ಊರಿನ ದೋಣಿ ಬಂತು, ಹೋಯಿತು. ಖಾಲಿ ಬಣ್ಣದ ಡಬ್ಬಗಳನ್ನು ಶೆಡ್ಡಿಗೆ ಕಳಿಸಿದೆ. ಕಿತ್ತಳೆಯ ಡಬ್ಬ ಇಟ್ಟುಕೊಂಡಿದ್ದೇನೆ, ಆ ಹವಳಕ್ಕೆ ಇನ್ನೊಂದು ಕೈ ಬೇಕು.

ಅಮ್ಮನಿಗೆ ತಿಳಿಸಲು ದೋಣಿಯವನ ಹತ್ತಿರ ಹೇಳಿದೆ: "ಮಾವನ ಕಾಲು ತುಂಬಾ ಊದಿದೆ. ಸಮುದ್ರದ ಮೇಲೆ ಪ್ರಯಾಣ ಆಗಲ್ಲ. ಊತ ಇಳಿದ ಮೇಲೆ ಇಬ್ಬರೂ ಬರ್ತೀವಿ."

ಸಮುದ್ರದ ಮೇಲೇ ಬದುಕುವವನಿಗೆ ಸಮುದ್ರದ ಮೇಲೆ ಪ್ರಯಾಣ ಆಗುವುದಿಲ್ಲವಂತೆ. ದೋಣಿಯವನು ನಂಬಿದ. ಹಿಂದೆ ನಿಂತಿದ್ದ ಮಾವ ಆ ಕ್ಷಣವೇ ಕುಂಟತೊಡಗಿದ, ಅದೂ ಊದಿರದ ಕಾಲಿನಲ್ಲಿ. ಅಷ್ಟೂ ತಿಳಿಯದು.

ಬರುವಾಗ ಗಿಳಿ "ಸುಸ್ವಾಗತ" ಅಂದಿತು. ಅದಕ್ಕೆ ಬರುವವರೂ ಒಂದೇ, ಹೋಗುವವರೂ ಒಂದೇ. ಪ್ಲಾಸ್ಟಿಕ್ ಬುದ್ಧಿ.

ಅಡುಗೆಯಕ್ಕ ಇವತ್ತು ಅನ್ನವನ್ನು ಉದುರುದುರಾಗಿ ಮಾಡಿದ್ದಳು. ಎಷ್ಟು ಕಿವುಚಿದರೂ ಉಂಡೆ ನಿಲ್ಲಲಿಲ್ಲ. ಹೀಗೆ ಮಾಡಿದರೆ ಮೀನು ಏನು ತಿನ್ನಬೇಕು? ನಾಳೆ ಬೆಳಗ್ಗೆ ಹೋಗಿ ಅವಳಿಗೆ ಎರಡು ಮಾತು ಹೇಳಬೇಕು.